ಹಸಿರು ಗಾಜು, ಎಡಗಿವಿ

ಎರಡು ಚಿತ್ರಗಳೂ ಒಂದೇ ಆಗಿದ್ದವು. ಶರ್ಲಿ ಲ್ಯಾಪ್‌ಟಾಪನ್ನು ಅವನ ಬಲಗಡೆಗೆ ತಿರುಗಿಸಿ, "ನೋಡು, ಇದು ನಮಗೆ ಕಾಣೋ ಹಾಗೆ. ಇದು ಅವರಿಗೆ ಕಾಣೋ ಹಾಗೆ. ಪಾಪ ಅಲ್ವಾ?" ಎಂದಾಗ ಇಗ್ನೇಶಿಯಸ್ ಮೊದಲ ಚಿತ್ರವನ್ನು ನೋಡಿದ, ಎರಡನೆಯದನ್ನು ನೋಡಿದ, ಎಷ್ಟು ಹೊತ್ತು ನೋಡಿದರೆ ಅನುಮಾನ ಬರಲಿಕ್ಕಿಲ್ಲ ಎಂದು ಮನಸ್ಸಿನಲ್ಲೇ ಅಂದಾಜು ಮಾಡಿ, "ಅಯ್ಯೋ ಪಾಪ" ಎಂದ. ಎರಡರಲ್ಲೂ ಅದೇ ಹಣ್ಣಿನ ಅಂಗಡಿ, ಅದೇ ಹಣ್ಣುಗಳು, ಅದೇ ಮುದುಕ. ಎರಡನೆಯದರಲ್ಲಿ ಏನೋ ಕಳೆದುಹೋಗಿರಬೇಕು. ಕಳೆದುಹೋದದ್ದು ಏನೆಂದು ಅವನಿಗೆ ಗೊತ್ತಾಗುವ ಹಾಗಿರಲಿಲ್ಲ, ಏಕೆಂದರೆ ಮೊದಲನೆಯದರಲ್ಲೂ ಅವನಿಗೆ ಅದು ಸಿಕ್ಕಿರಲಿಲ್ಲ. ಬಣ್ಣಗುರುಡು ಇರುವವರ ಕಣ್ಣಿಗೆ ಲೋಕ ಹೇಗಿರುತ್ತದೆ ಎಂದು ತೋರಿಸುವ ಆ ಪ್ರೋಗ್ರಾಮನ್ನು ಶರ್ಲಿ ಮೂರು ತಿಂಗಳಿಂದ ದಿನಾ ತೆರೆದಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತು ಕಾಫಿ ಕುಡಿಯುವ ಗಂಡನ ಕಣ್ಣಿನೊಳಗೆ ಅದೇ ಪ್ರೋಗ್ರಾಮು ಹುಟ್ಟಿದಾಗಿನಿಂದ ಓಡುತ್ತಿದೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ನಗು ಬಂತು ಅವನಿಗೆ, ಆಮೇಲೆ ನಾಚಿಕೆಯಾಯಿತು, ಕಾಫಿ ಬೇಗ ಬೇಗ ಕುಡಿದು ಮುಗಿಸಿದ.

ಶನಿವಾರ. ಮೆಟ್ಟಿಲು ಗುಡಿಸುವ ಸರದಿಯ ಕೇರ್‌ವೋಹೆ ಫಲಕ ಆ ವಾರ ಅವರ ಬಾಗಿಲಲ್ಲೇ ತೂಗುತ್ತಿತ್ತು. ಗುಡಿಸಿ ಒರೆಸಿ ಮೇಲೆ ಬರುವಷ್ಟರಲ್ಲಿ ಶರ್ಲಿ ಫೋನಿನಲ್ಲಿ ಯಾರಿಗೋ ಜರ್ಮನ್‌ನಲ್ಲಿ ಬಹಳ ಸಿಹಿಯಾಗಿ ಬೇಗ ಗುಣವಾಗಲಿ ಎಂದು ಹಾರೈಸುತ್ತಿದ್ದಳು. ಫೋನಿಟ್ಟವಳೇ ಅಪ್ಪಟ ಶಿವಮೊಗ್ಗದ ಕನ್ನಡದಲ್ಲಿ ಬೈದಳು. ಸೋಮವಾರ ಅವಳ ಆಪ್ ಪರೀಕ್ಷೆಗೆ ಬರಬೇಕಿದ್ದ ಬಣ್ಣಗುರುಡಿನ ಹೆರ್ ಬ್ರೆನ್ನರ್‌ಗೆ ಸೊಂಟ ಹಿಡಿದುಕೊಂಡಿತ್ತು. ಈ ಭಾಗದ ಒಂದು ಗೃಹಸಂಘದ ಬಾಡಿಗೆದಾರರಿಗೆಂದು ಅವಳು ಮಾಡಿದ ಆಪ್ ಅದು: ಖಾಲಿ ಬಾಟಲಿಗೆ ಫೋನ್ ಹಿಡಿದರೆ ಅದು ಬಿಳಿ ಗಾಜೋ, ಕಂದು ಗಾಜೋ, ಹಸಿರು ಗಾಜೋ, ಬೀದಿ ಮೂಲೆಯ ಯಾವ ಡಬ್ಬಕ್ಕೆ ಹೋಗಬೇಕು ಎಂದು ಹೇಳಬೇಕು. ಬಣ್ಣ ಗೊತ್ತಾಗದವರಿಗೇ ಮುಖ್ಯವಾಗಿ ಬೇಕಾದದ್ದು. ಅಂಥವರಲ್ಲಿ ಒಬ್ಬನಾದರೂ ಕೈಯಲ್ಲಿ ಹಿಡಿದು ಸರಿ ಎನ್ನದೆ ಗೃಹಸಂಘದವರು ಒಪ್ಪುವುದಿಲ್ಲ. "ನೂರು ಗಂಡಸರಲ್ಲಿ ಎಂಟು ಜನಕ್ಕೆ ಇರುತ್ತಂತೆ ಕಣೋ. ಎಂಟು! ಇಷ್ಟು ದೊಡ್ಡ ಊರಲ್ಲಿ ನಂಗೆ ಒಬ್ಬ ಸಿಗಲ್ಲ ಅಂದ್ರೆ! ನಿಮ್ಮ ಫ್ಯಾಕ್ಟರೀಲಿ ಯಾರಾದ್ರೂ ಇದಾರಾ ಕೇಳು." ಅವನು ಪೊರಕೆಯನ್ನು ಮೂಲೆಗೆ ಒರಗಿಸಿ, ಅದು ಜಾರಿತೆಂದು ಮತ್ತೆ ಒರಗಿಸಿ, "ಕೇಳ್ತೇನೆ" ಎಂದ. ಇಂಥ ಹೇಡಿ ಉತ್ತರ ಕೊಟ್ಟದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು.

ಹೇಳಿಬಿಡಬಹುದಿತ್ತು. ಒಂದೇ ವಾಕ್ಯ. ಆದರೆ ಆ ವಾಕ್ಯದ ಹಿಂದೆ ಇನ್ನೊಂದು ವಾಕ್ಯ ಬಾಲದ ಹಾಗೆ ಅಂಟಿಕೊಂಡೇ ಬರುತ್ತಿತ್ತು, ಅದು ಕಿವಿಯದ್ದು. ಇಪ್ಪತ್ತೆರಡು ವರ್ಷದವನಿದ್ದಾಗ ಹಡಗಿನ ಕೆಲಸಕ್ಕೆ ಆಯ್ಕೆಯಾಗಿ, ಶಿರ್ವದಲ್ಲಿ ಅರ್ಧ ಊರಿಗೆ ಸಿಹಿ ಹಂಚಿ, ಮುಂಬಯಿಗೆ ಮೆಡಿಕಲ್ ಟೆಸ್ಟಿಗೆ ಹೋದಾಗ ಡಾಕ್ಟರು ಚುಕ್ಕಿ ಚುಕ್ಕಿಯ ಒಂದು ಪುಸ್ತಕ ಬಿಡಿಸಿ ಒಳಗಿರುವ ಅಂಕಿ ಓದು ಎಂದರು. ಮೊದಲ ಪುಟದ ಹನ್ನೆರಡು ಕಂಡಿತು. ಆಮೇಲಿನ ಪುಟಗಳಲ್ಲಿ ಬರೀ ಚುಕ್ಕಿ. ಅವನು ಬಾಯಿಗೆ ಬಂದ ಅಂಕಿಗಳನ್ನು ಹೇಳುತ್ತಾ ಹೋದ, ಎಂಟು, ನಲವತ್ತು, ಹದಿನೇಳು. ಡಾಕ್ಟರು ತಡೆಯಲಿಲ್ಲ, ಕೊನೆಯ ಪುಟದವರೆಗೂ ಹೇಳಿಸಿ, ಆಮೇಲೆ ಬಾಗಿಲಲ್ಲಿದ್ದ ಕಾಂಪೌಂಡರನ್ನೂ ಕರೆದು ಇಬ್ಬರೂ ನಕ್ಕರು. ಆ ನಗು ಇವತ್ತಿಗೂ ಅವನ ಕಿವಿಯಲ್ಲಿದೆ. ಮನೆಗೆ ಏನೆಂದು ಹೇಳುವುದು? ಕಣ್ಣು ಎಂದರೆ ತಂಗಿ ಫ್ಲೇವಿಯಾಳ ಮದುವೆಗೆ ಬರುವವರು ಆ ಮನೆಯವರಿಗೆ ಕಣ್ಣು ಸರಿಯಿಲ್ಲವಂತೆ ಎಂದು ಗುಸುಗುಟ್ಟುತ್ತಾರೆ. ವಾಪಸು ಬರುವ ರೈಲಿನಲ್ಲಿ ಪಕ್ಕದ ಸೀಟಿನವನು ಎಡಗಿವಿಗೆ ಹತ್ತಿ ತುರುಕಿಕೊಂಡಿದ್ದ. ಇಳಿಯುವಷ್ಟರಲ್ಲಿ ಇಗ್ನೇಶಿಯಸ್‌ಗೂ ಎಡಗಿವಿ ಮಂದವಾಗಿತ್ತು, ಅಷ್ಟೇ. ಅವನ ಅಮ್ಮ, ಅವನ ಮಾಂಯ್, ಒಂದು ತಿಂಗಳು ದಿನಾ ರಾತ್ರಿ ಬೆಳ್ಳುಳ್ಳಿ ಕಾಯಿಸಿದ ತೆಂಗಿನೆಣ್ಣೆಯನ್ನು ಆ ಗಟ್ಟಿಮುಟ್ಟಾದ ಕಿವಿಗೆ ಬಿಟ್ಟಳು, ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಹೇಳಿದಳು, ಇವತ್ತಿಗೂ ಶಿರ್ವದಿಂದ ವಾಟ್ಸಾಪಿನಲ್ಲಿ ಕರೆ ಮಾಡಿದರೆ "ಇನಾಸ್!" ಎಂದು ಮಗನ ಮುದ್ದಿನ ಹೆಸರು ಕೂಗುವ ಕೂಗಿಗೆ ಕೆಳಗಿನ ಮನೆಯವರು ಛಾವಣಿ ಬಡಿಯುತ್ತಾರೆ. ಪಾಪ ಮಾಂಯ್.

ತಮಾಷೆಯೆಂದರೆ ಆ ಇಡೀ ಪ್ರದೇಶಕ್ಕೆ ಅವನದೇ ಒಳ್ಳೆಯ ಕಿವಿ. ಸಣ್ಣವನಿದ್ದಾಗ ಕೆಂಪಗೆ ಮಾಗಿದ ಪುನರ್ಪುಳಿ ಹಣ್ಣು ಕೊಯ್ದು ಬಾ ಎಂದರೆ ಬುಟ್ಟಿ ತುಂಬ ಕಾಯಿ ತಂದು ಬೈಸಿಕೊಳ್ಳುತ್ತಿದ್ದ. ಆದರೆ ಹಲಸು ಬಲಿತಿದೆಯೋ ಇಲ್ಲವೋ ಎಂದು ನೋಡಲು ಅಕ್ಕಪಕ್ಕದ ಮನೆಯವರೆಲ್ಲ ಅವನನ್ನೇ ಕರೆಯುತ್ತಿದ್ದರು. ಬೆರಳು ಮಡಚಿ ಬಡಿಯುತ್ತಿದ್ದ. ಟಣ್ ಟಣ್ ಎಂದರೆ ಇನ್ನೂ ಎಂಟು ದಿನ ಇರಲಿ. ಡಬ್ ಡಬ್ ಎಂದರೆ ಇಳಿಸಿ. ಒಂದೂ ತಪ್ಪಿರಲಿಲ್ಲ. ಈಗ ಈ ಜರ್ಮನ್ ಊರಿನ ಫೊಯರ್‌ಬಾಕ್‌ನ ಕಾರ್ಖಾನೆಯಲ್ಲೂ ಪಂಪುಗಳ ಸದ್ದು ಕೇಳಿ ಯಾವುದರೊಳಗೆ ದೋಷವಿದೆ ಎಂದು ಹೇಳುವುದೇ ಅವನ ಕೆಲಸ, ಮತ್ತು ಶರ್ಲಿ ಸ್ನೇಹಿತರ ಮುಂದೆಲ್ಲ "ಒಂದೇ ಕಿವೀಲಿ ಇಷ್ಟು ಕೇಳುತ್ತಲ್ಲ ಇವನಿಗೆ, ಎರಡೂ ಇದ್ದಿದ್ರೆ ಏನು ಕಥೆ!" ಎಂದು ಜಂಬ ಕೊಚ್ಚುತ್ತಾಳೆ. ಆಗೆಲ್ಲ ಅವನು ತಟ್ಟೆಯಲ್ಲಿದ್ದದ್ದನ್ನು ಬಹಳ ಗಮನವಿಟ್ಟು ತಿನ್ನುತ್ತಾನೆ.

ಅವಳನ್ನು ನೋಡಲು ಹೋದ ದಿನ, ಉಡುಪಿಯ ಹೋಟೆಲೊಂದರಲ್ಲಿ, ಮಧ್ಯಸ್ಥಿಕೆ ಮಾಡಿದ ಹೆಂಗಸು ಐಸ್‌ಕ್ರೀಮು ಬಂದ ಮೇಲೆ ತಗ್ಗಿದ ದನಿಯಲ್ಲಿ ಹುಡುಗನಿಗೆ ಎಡಗಿವಿ ಸ್ವಲ್ಪ ಮಂದ ಎಂದಳು. ಶರ್ಲಿ ಐಸ್‌ಕ್ರೀಮಿನ ಬಟ್ಟಲು ಕೈಯಲ್ಲಿ ಹಿಡಿದುಕೊಂಡು ಎದ್ದು, ಮೇಜು ಸುತ್ತಿ ಬಂದು ಅವನ ಬಲಗಡೆಯ ಕುರ್ಚಿಯಲ್ಲಿ ಕೂತು, "ಈಗ ಹೇಳಿ" ಎಂದಳು. ಅವನು ಅಲ್ಲೇ, ಆ ಕ್ಷಣವೇ ಸೋತುಹೋದ. ಸುಳ್ಳಿನಿಂದ ಸಿಕ್ಕಿದ ಪ್ರೀತಿಯನ್ನು ವಾಪಸು ಕೊಡುವುದು ಹೇಗೆ? ಆವತ್ತಿನಿಂದ ಏಳು ವರ್ಷ ಅವಳು ಅವನ ಬಲಗಡೆಗೇ ನಡೆದಿದ್ದಾಳೆ, ಬಲಗಡೆಗೇ ಮಲಗಿದ್ದಾಳೆ, ಚರ್ಚಿನಲ್ಲಿ ಬಲಗಡೆ ಜಾಗವಿಲ್ಲದಿದ್ದರೆ ಇಡೀ ಸಾಲನ್ನು ಸರಿಸಿದ್ದಾಳೆ. ಎಡಗಡೆಗೆ ಬರುವುದು ಯಾವಾಗಲೋ ಒಮ್ಮೆ, ಅದೂ ಅವನಿಗೆ ಕೇಳಿಸಬಾರದ್ದು ಹೇಳುವುದಿದ್ದಾಗ. ಮದುವೆಯಾದ ಮೊದಲ ಚಳಿಗಾಲದಲ್ಲಿ ಯು-ಬಾನ್ ರೈಲಿನಲ್ಲಿ, ಅಕಸ್ಮಾತ್ ಎಡಗಡೆ ನಿಂತವಳು ಅವನ ಕಿವಿಯ ಹತ್ತಿರ ಬಾಯಿ ತಂದು, "ನಿಮ್ಮಮ್ಮನ ಮೀನುಸಾರಿಗೆ ಉಪ್ಪೂ ಇಲ್ಲ ಹುಳೀನೂ ಇಲ್ಲ" ಎಂದು ಪಿಸುಗುಟ್ಟಿ, ಅವನು ಮಿಸುಕಾಡದೆ ನಿಂತದ್ದು ಕಂಡು ತನ್ನಷ್ಟಕ್ಕೆ ನಕ್ಕಿದ್ದಳು. ಆಮೇಲೆ ಅದೊಂದು ಅಭ್ಯಾಸವಾಯಿತು ಅವಳಿಗೆ. ಬೈಗುಳ, ದೂರು, ಊರಿನ ನೆನಪು. ಒಮ್ಮೆ ಜ್ವರ ಬಂದು ಅವನು ಮಲಗಿದ್ದಾಗ ಹಾಸಿಗೆಯ ಎಡಗಡೆ ಮೊಣಕಾಲೂರಿ ಕೂತು, "ನೀನಿಲ್ದೆ ಹೋದ್ರೆ ನಾನೀ ದೇಶದಲ್ಲಿ ಒಂದು ದಿನಾನೂ ಇರ್ತಿರ್ಲಿಲ್ಲ ಕಣೋ ಗೂಬೆ" ಎಂದಿದ್ದಳು. ಬಲಗಡೆಯಿಂದ ಅವಳು ಅಂಥ ಮಾತು ಒಂದೂ ಆಡಿದವಳಲ್ಲ. ಬಲಗಡೆಯ ಶರ್ಲಿ ಬಾಯಿಬಡುಕಿ, ಚುರುಕಿನವಳು, ಎಲ್ಲವನ್ನೂ ತಮಾಷೆ ಮಾಡುವವಳು. ಅವನಿಗೆ ಬೇಕಾದದ್ದು ಇಬ್ಬರೂ. ಸತ್ಯ ಹೇಳಿದ ದಿನ ಎಡಗಡೆಯವಳು ಬಾಯಿ ಮುಚ್ಚುತ್ತಾಳೆ. ಅದಕ್ಕೇ ಅವನು ಕದ್ದು ಕೇಳುವವನಾಗಿ ಉಳಿದಿದ್ದ, ಅದಕ್ಕೇ ಇವತ್ತು ಪೊರಕೆ ಒರಗಿಸುತ್ತಾ "ಕೇಳ್ತೇನೆ" ಎಂದದ್ದು.

ಐದು ಗಂಟೆಗೆ ಇಬ್ಬರೂ ಎರಡು ದೊಡ್ಡ ಚೀಲ ಬಾಟಲಿ ಹೊತ್ತು ಬೀದಿಗಿಳಿದರು. ಹಿಂದಿನ ಶನಿವಾರ ರೇಗನ್ಸ್‌ಬರ್ಗ್‌ನಿಂದ ಗೆಳೆಯ ರಾಯನ್, ಅವನ ಹೆಂಡತಿ, ಅವರ ಸ್ನೇಹಿತರೆಲ್ಲ ಬಂದು ಕುಡಿದು ತಿಂದು ಹಾಡಿ ಹೋಗಿದ್ದರು, ಅದರ ಉಳಿಕೆ. ಗಾಜಿನ ಡಬ್ಬಗಳು ಬೀದಿಯ ತುದಿಯಲ್ಲಿದ್ದವು, ಮೂರು, ಪ್ರತಿಯೊಂದರ ಬಾಯಿಯ ಮೇಲೆ ಯಾವ ಗಾಜೆಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಡಬ್ಬವನ್ನು ಓದಲು ಅವನಿಗೆ ಬರುತ್ತಿತ್ತು. ಓದಲು ಬಾರದೆ ಇರುತ್ತಿದ್ದದ್ದು ಬಾಟಲಿ. ಅದಕ್ಕೆ ಅವನದೊಂದು ಕಂಠಪಾಠ ಇತ್ತು. ಉಪ್ಪಿನಕಾಯಿ, ಜಾಮು ಬಿಳಿ. ಕೆಮ್ಮಿನ ಔಷಧ ಕಂದು. ವೈನು ಹಸಿರು, ಆದರೆ ರೈನ್ ನದಿಯ ಕಡೆಯ ಕೆಲವು ವೈನು ಕಂದು, ಅವು ಎರಡು ಸಲ ಅವನ ಮಾನ ಕಳೆದಿದ್ದವು. ಎದುರುಗಡೆ ನೆಲಮಹಡಿಯ ಕಿಟಕಿಯಲ್ಲಿ ದಿಂಬಿನ ಮೇಲೆ ಮೊಣಕೈ ಊರಿ ಬೀದಿ ಕಾಯುವ ಫ್ರಾವ್ ಹೇಬರ್ಲೆ ಎರಡು ಸಲವೂ ಕೂಗಿದ್ದಳು. ಆದರೂ ಲೇಬಲ್ ಒಂದಿದ್ದರೆ ಸಾಕು, ಅವನು ಬಚಾವು. ಇಗ್ನೇಶಿಯಸ್ ಚೀಲಕ್ಕೆ ಕೈ ಹಾಕಿ ಒಂದೊಂದನ್ನೇ ತಿರುಗಿಸಿ ನೋಡಿದ. ಒಂದು ಬಾಟಲಿಗೂ ಲೇಬಲ್ ಇರಲಿಲ್ಲ.

"ನಿನ್ನೆ ಬಾತ್‌ಟಬ್ಬಲ್ಲಿ ನೆನೆಹಾಕಿ ಎಲ್ಲಾ ಕಿತ್ತುಬಿಟ್ಟೆ" ಎಂದಳು ಶರ್ಲಿ ಹೆಮ್ಮೆಯಿಂದ. "ಬರೀ ಗಾಜು ನೋಡಿ ಆಪ್ ಹೇಳುತ್ತಾ ಅಂತ ಗೊತ್ತಾಗ್ಲಿ. ಬ್ರೆನ್ನರ್ ಇಲ್ದಿದ್ರೆ ಬೇಡ, ನೀನೇ ಮಾಡಿ ನೋಡು. ಕಣ್ಣು ಸರಿ ಇರೋರಿಗಾದ್ರೂ ಸರಿಯಾಗಿ ಕೆಲಸ ಮಾಡುತ್ತಾ ನೋಡೋಣ." ಫೋನು ಅವನ ಬಲಗೈಗೆ ಬಂತು. ಅವನು ಒಂದು ಬಾಟಲಿ ಎತ್ತಿ ಹಿಡಿದ. ತೆರೆಯ ಮೇಲೆ ದೊಡ್ಡದೊಂದು ದುಂಡು ಬಣ್ಣ ಮೂಡಿತು, ಅಕ್ಷರವಿಲ್ಲ, ಏನಿಲ್ಲ. ಬಾಡಿಗೆದಾರರು ಹನ್ನೊಂದು ಭಾಷೆಯವರು, ಒಂದು ಅಕ್ಷರವೂ ಇಲ್ಲದೆ ಎಲ್ಲರಿಗೂ ತಿಳಿಯಬೇಕು ಎಂದು ಅವಳು ವಾರಗಟ್ಟಲೆ ಕೂತು ಮಾಡಿದ್ದು. ಅವನು ದುಂಡನ್ನು ನೋಡಿದ. ದುಂಡು ಅವನನ್ನು ನೋಡಿತು. ಮುಂಬಯಿಯ ಪುಸ್ತಕದಲ್ಲಿ ಚುಕ್ಕಿ ಸಣ್ಣವಿದ್ದವು, ಇದು ದೊಡ್ಡ ಚುಕ್ಕಿ, ವ್ಯತ್ಯಾಸ ಅಷ್ಟೇ. ಕಂದು ಎಂದು ಬರೆದ ಬಾಯಿಗೆ ಬಾಟಲಿಯನ್ನು ತಳ್ಳಿದ. ಒಳಗೆ ಫಳ್ ಎಂದು ಒಡೆಯಿತು.

"ದೆಸ್ ಇಶ್ ಗ್ರೂನ್!" ಎದುರಿನ ಕಿಟಕಿ ಕೂಗಿತು. ಅದು ಹಸಿರು! ಶರ್ಲಿ ಕಿಟಕಿಯತ್ತ ಕೈಬೀಸಿ ನಕ್ಕು, "ತಮಾಷೆ ಸಾಕು, ಸರಿಯಾಗಿ ಮಾಡೋ" ಎಂದಳು. ಎರಡನೆಯ ಬಾಟಲಿ. ದುಂಡು. ಈ ಸಲ ಹಸಿರಿನ ಬಾಯಿಗೆ ಹಾಕಿದ. ಫ್ರಾವ್ ಹೇಬರ್ಲೆ ಕೂಗಲೂ ಇಲ್ಲ, ಎರಡು ಕೈಯನ್ನೂ ಆಕಾಶಕ್ಕೆ ಎತ್ತಿದಳು. ಶರ್ಲಿಯ ನಗು ನಿಂತಿತು.

"ಇಗ್ನಿ, ಸ್ಕ್ರೀನ್ ನೋಡಿದೀಯ ತಾನೆ?"

"ನೋಡಿದೆ. ದುಂಡಗೆ ಎಂತದೋ ಬಂತು."

"ಎಂತದೋ ಅಂದ್ರೆ? ಯಾವ ಬಣ್ಣ?"

ಎಂಟು, ನಲವತ್ತು, ಹದಿನೇಳು. ಬಾಯಿಗೆ ಬಂದದ್ದು ಒಂದು ಹೇಳಿದರಾಯಿತು, ಅರ್ಧಕ್ಕರ್ಧ ಸರಿಯಾಗುವ ಸಂಭವವೂ ಇತ್ತು. ಆದರೆ ಅವಳು ಹುಬ್ಬು ಗಂಟಿಕ್ಕಿ ಫೋನನ್ನು ತಿರುಗಿಸಿ ಮುರುಗಿಸಿ, ತಪ್ಪು ತನ್ನ ಆಪ್‌ನಲ್ಲೇ ಇರಬೇಕೆಂದು ನೋಡುತ್ತಿದ್ದಳು. ಮೂರು ತಿಂಗಳ ದುಡಿಮೆಯಲ್ಲಿ ಎಲ್ಲಿ ಎಡವಿದೆನೋ ಎಂಬ ಆತಂಕ ಅವಳ ಮುಖದಲ್ಲಿತ್ತು. ಅದನ್ನು ನೋಡಲಾಗಲಿಲ್ಲ ಅವನಿಗೆ.

"ಅದೇ ಮಾರಾಯ್ತಿ, ನಂಗೆ ಗೊತ್ತಾಗುದಿಲ್ಲ. ಹಸಿರು, ಕಂದು, ಕೆಂಪು, ಎಲ್ಲ ಒಂದೇ ಥರ. ಹುಟ್ಟಿದಾಗಿಂದ ಹಾಗೇ."

ಅವಳು ಅವನನ್ನೇ ನೋಡಿದಳು. "ಬೆಳಿಗ್ಗೆ ತೋರಿಸಿದ್ನಲ್ಲ, ಎರಡು ಚಿತ್ರ?"

"ಒಂದೇ ಚಿತ್ರ ಎರಡು ಸಲ ಇಟ್ಟಿದ್ದಿ."

"ಅಯ್ಯೋ ಪಾಪ ಅಂದೆ!"

"ಮತ್ತೆಂತ ಹೇಳುದು?"

ಶರ್ಲಿ ಬೀದಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು, ನಗುತ್ತ ನಗುತ್ತ ಫುಟ್‌ಪಾತಿನ ಅಂಚಿನಲ್ಲೇ ಕೂತುಬಿಟ್ಟಳು. "ಊರೆಲ್ಲಾ ಹುಡುಕಿದೆ ಕಣೋ! ನೋಟೀಸ್ ಹಚ್ಚಿದೆ! ಯೂನಿವರ್ಸಿಟೀಗೆ ಮೇಲ್ ಹಾಕಿದೆ! ಮನೇಲಿ ಕೂತ್ಕೊಂಡು ನನ್ನ ಕಾಫಿ ಕುಡೀತಿದ್ದ!" ಅವನಿಗೆ ಭಯವಿದ್ದದ್ದು ಅವಳ ಮುಖದಲ್ಲಿ ಕರುಣೆ ಕಂಡೀತೆಂದು, ಕರುಣೆಯ ಸುಳಿವೇ ಇರಲಿಲ್ಲ ಅಲ್ಲಿ, ಬದಲಿಗೆ ಕಳೆದ ಚಿನ್ನದ ಸರ ಸಿಕ್ಕಿದವಳ ಸಂಭ್ರಮವಿತ್ತು. ಅವನನ್ನು ಕೈ ಹಿಡಿದು ಪಕ್ಕಕ್ಕೆ, ತನ್ನ ಎಡಗಡೆಗೆ, ಎಂದರೆ ತಾನು ಅವನ ಬಲಗಡೆಗೆ ಬರುವ ಹಾಗೆ ಕೂರಿಸಿಕೊಂಡು, ಹೆಗಲ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಬಿಚ್ಚಿ, "ಹೇಳು ಈಗ. ಎಲ್ಲಿ ತಪ್ಪಿದೆ? ಕಂದನ್ನ ತಿಳಿ ಮಾಡಿದೀನಿ, ಹಸಿರನ್ನ ಗಾಢ ಮಾಡಿದೀನಿ, ಆ ಪ್ರೋಗ್ರಾಮ್ ಸರಿ ಇದೆ ಅಂತು" ಎಂದಳು.

"ಎರಡೂ ಒಟ್ಟಿಗೆ ಇದ್ರೆ ಯಾವುದು ಗಾಢ ಅಂತ ಗೊತ್ತಾಗ್ತದೆ. ಒಂದೇ ಬಂದ್ರೆ ಯಾವುದಕ್ಕಿಂತ ಗಾಢ ಅಂತ ನಾನು ಹೇಳುದು?" ಅವನಿಗೆ ತನ್ನ ದನಿಯೇ ಹೊಸದಾಗಿ ಕೇಳಿಸಿತು. ಈ ವಿಷಯವನ್ನು ಅವನು ಯಾರ ಹತ್ತಿರವೂ ಬಾಯಿಬಿಟ್ಟು ಆಡಿರಲೇ ಇಲ್ಲ, ಈಗ ಆಡಿದರೆ ಮಾತು ನಿಲ್ಲುತ್ತಲೇ ಇಲ್ಲ. "ಮತ್ತೆ ನೋಡು, ಬಣ್ಣ ಯಾವುದು ಅಂತ ಗೊತ್ತಾಗದೆ ಕೇಳಿದವನಿಗೆ ಬಣ್ಣವನ್ನೇ ತೋರಿಸಿದ್ರೆ ಹೇಗೆ? ನಿನ್ನ ಹೆಸ್ರೆಂತ ಅಂತ ಕೇಳಿದ್ರೆ ಮುಖ ತೋರಿಸಿದ ಹಾಗಾಯ್ತು." ಅವಳು ಬರೆದುಕೊಂಡಳು. ಮುಂಬಯಿಯ ಡಾಕ್ಟರು, ಕಾಂಪೌಂಡರು, ನಗು, ಎಲ್ಲ ಹೇಳಿದ. ಅವಳು ಬರೆಯುವುದನ್ನು ನಿಲ್ಲಿಸಿದಳು.

"ಮುಂಬಯಿ ಮೆಡಿಕಲ್ಲಾ? ಹಡಗಿನ ಕೆಲಸ ತಪ್ಪಿದ್ದು ಕಿವಿಯಿಂದ ಅಂತ ನಿಮ್ಮಮ್ಮ ಅಂದಿದ್ರಲ್ಲ?"

ಬಾಲ ಬಂದೇಬಂತು. ಅವನು ಚೀಲದಿಂದ ಒಂದು ಬಾಟಲಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. "ಕಿವಿಗೆ ಎಂತದೂ ಆಗ್ಲಿಲ್ಲ, ಶರ್ಲಿ."

"ಎಡಗಿವಿ?"

"ಚೆನ್ನಾಗುಂಟು."

ಅವಳು ಬಹಳ ನಿಧಾನವಾಗಿ ಕೇಳಿದಳು. "ಮೀನುಸಾರು?"

"ಕೇಳಿತ್ತು. ಉಪ್ಪು ಕಡಿಮೆ ಇದ್ದದ್ದು ಹೌದು."

"ಫ್ಲೇವಿಯಾ ಮೂಗಿನ ಬಗ್ಗೆ ಹೇಳಿದ್ದು?"

"ಅದೂ."

"ನಿಂಗೆ ಜ್ವರ ಬಂದಾಗ..." ಅವನು ಹೌದೆಂದು ತಲೆಯಾಡಿಸಿದ. ನಾಚಿದಾಗ ಅವಳ ಮುಖ ಕೆಂಪಾಗುತ್ತದೆ ಎಂದು ಬೇರೆಯವರು ಹೇಳಿ ಅವನಿಗೆ ಗೊತ್ತು. ಅವನಿಗೆ ಕಾಣುವುದು ಅವಳು ಎರಡು ಕಿವಿಯ ಓಲೆಗಳನ್ನೂ ಬೆರಳಲ್ಲಿ ಹಿಡಿದುಕೊಳ್ಳುವುದು. ಈಗ ಎರಡನ್ನೂ ಹಿಡಿದುಕೊಂಡಿದ್ದಳು. ಆಮೇಲೆ ಬಿಟ್ಟು ಅವನ ತೋಳಿಗೆ ಗುದ್ದಿದಳು, ನೋಯುವ ಹಾಗೆಯೇ ಗುದ್ದಿದಳು. "ಏಳು ವರ್ಷ ಬಲಗಡೆ ನಡೆದೆ ಕಣೋ! ಮಳೇಲಿ, ಛತ್ರಿ ನಿನ್ನ ಎಡಗೈಲಿದ್ರೂ ಬಲಗಡೇಲೇ ನೆನ್ಕೊಂಡು ನಡೆದೆ!" ಎದ್ದು ಡಬ್ಬಗಳ ಆಚೆ ಹೋಗಿ ಬೆನ್ನು ಹಾಕಿ ನಿಂತಳು. ಮುಗಿಯಿತು ಎಂದುಕೊಂಡ ಅವನು. ದುಃಖ ಉಕ್ಕಿ ಬಂತು. ಏನು ಮಾಡುವುದೆಂದು ತೋಚದೆ, ಕೈಯಲ್ಲಿದ್ದ ಬಾಟಲಿಯನ್ನು ಬೆರಳು ಮಡಚಿ ಬಡಿಯತೊಡಗಿದ, ಸಣ್ಣವನಿದ್ದಾಗ ಹಲಸು ಬಡಿಯುತ್ತಿದ್ದ ಹಾಗೆ. ಟಣ್. ಟಣ್ ಟಣ್.

"ಏನದು?" ಎಂದಳು ಅವಳು ತಿರುಗದೆ.

ಅವನು ಹಲಸಿನ ವಿಷಯ ಹೇಳಿದ. ಟಣ್ ಎಂದರೆ ಇರಲಿ, ಡಬ್ ಎಂದರೆ ಇಳಿಸಿ. ಹೇಳಿ ಮುಗಿಸುವಷ್ಟರಲ್ಲಿ ಶರ್ಲಿ ತಿರುಗಿದ್ದಳು, ಅವಳ ಮುಖ ಅವನಿಗೆ ಚೆನ್ನಾಗಿ ಪರಿಚಯವಿದ್ದ ಮುಖವಾಗಿತ್ತು, ಕೆಲಸದಲ್ಲಿ ಏನೋ ಹೊಳೆದಾಗಿನದು. "ಬಡಿಯೋದು," ಎಂದಳು. "ಅಕ್ಷರ ಬೇಡ, ಬಣ್ಣ ಬೇಡ. ಫೋನು ಕೈಯೊಳಗೆ ಬಡೀಲಿ. ಬಿಳಿಗೆ ಒಂದು, ಕಂದಿಗೆ ಎರಡು, ಹಸಿರಿಗೆ ಮೂರು. ಡಬ್ಬದ ಮೇಲೂ ಅಷ್ಟೇ ಗುಂಡಿ ಅಂಟಿಸಿದ್ರಾಯ್ತು. ಕಣ್ಣಿಗೆ ಬೇಕಾದೋರಿಗೆ ತೆರೆ ಮೇಲೂ ಅಷ್ಟೇ ಚುಕ್ಕಿ. ಹನ್ನೊಂದು ಭಾಷೇಲೂ ಒಂದು ಎರಡು ಮೂರು ಇದೆ!" ಫುಟ್‌ಪಾತಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕೀಲಿಗಳನ್ನು ಕುಟ್ಟಿದಳು. ಏಳು ಗಂಟೆಯ ಮೇಲೆ ಗಾಜು ಹಾಕುವಂತಿಲ್ಲ. ಫ್ರಾವ್ ಹೇಬರ್ಲೆ ಕಿಟಕಿಯಿಂದ ಕೈಗಡಿಯಾರ ತೋರಿಸಿ ಗದರಿಸಿದಳು, ಶರ್ಲಿ ತಲೆಯೆತ್ತದೆ ಒಂದೇ ನಿಮಿಷ ಎಂದು ಬೆರಳೆತ್ತಿದಳು, ಆ ಒಂದು ನಿಮಿಷ ಮುಕ್ಕಾಲು ಗಂಟೆಯಾಯಿತು. ಆರೂವರೆಗೆ ಫೋನು ಅವನ ಕೈಗೆ ಬಂತು. ಬಾಟಲಿಗೆ ಹಿಡಿದ. ಅಂಗೈಯಲ್ಲಿ ಡಬ್, ಡಬ್. ಎರಡು. ಕಂದಿನ ಬಾಯಿಗೆ ಹಾಕಿ ಕಿಟಕಿಯತ್ತ ನೋಡಿದ. ಕಿಟಕಿ ಸುಮ್ಮನಿತ್ತು. ಇನ್ನೊಂದು, ಡಬ್ ಡಬ್ ಡಬ್, ಹಸಿರು. ಕಿಟಕಿ ಸುಮ್ಮನಿತ್ತು. ಹದಿನೆಂಟು ಬಾಟಲಿ ಹಾಕಿದ ಇಗ್ನೇಶಿಯಸ್, ಒಂದೂ ತಪ್ಪಲಿಲ್ಲ, ಕೊನೆಕೊನೆಗೆ ದೂರ ನಿಂತು ಗುರಿಯಿಟ್ಟು ಎಸೆದ. ಹುಟ್ಟಿದಾಗಿನಿಂದ ಬಣ್ಣದ ಪರೀಕ್ಷೆಯಲ್ಲಿ ಇದೇ ಮೊದಲ ಸಲ ಪಾಸಾದದ್ದು, ಅದೂ ಬಡಿದು. "ನಾ ಆಲ್ಸೋ!" ಎಂದಳು ಫ್ರಾವ್ ಹೇಬರ್ಲೆ, ಅಂತೂ ಬಂತಲ್ಲ ಬುದ್ಧಿ ಎನ್ನುವ ಹಾಗೆ, ದಿಂಬು ಎತ್ತಿಕೊಂಡು ಕಿಟಕಿ ಮುಚ್ಚಿದಳು.

ಖಾಲಿ ಚೀಲಗಳನ್ನು ಮಡಚಿಕೊಂಡು ಇಬ್ಬರೂ ಮನೆಯ ಕಡೆ ನಡೆದರು. ಬಿಸಿಲು ಇನ್ನೂ ಇತ್ತು. "ಸೋಮವಾರ ರಜ ಹಾಕು, ಒಂಬತ್ತಕ್ಕೆ ಬರ್ಬೇಕು, ಎಲ್ಲರೆದುರು ಆ ದುಂಡು ತೋರಿಸ್ತೀನಿ, ಏನೂ ಕಾಣಲ್ಲ ಅಂತ ಗಟ್ಟಿಯಾಗಿ ಹೇಳ್ಬೇಕು" ಎಂದಳು ಶರ್ಲಿ. "ನಗ್ತಾರೆ" ಎಂದ ಅವನು. "ನಗೋದಿದ್ರೆ ನನ್ನ ದುಂಡು ನೋಡಿ ನಗ್ತಾರೆ" ಎಂದಳು. ಅಮ್ಮನಿಗೂ ಈ ರಾತ್ರಿಯೇ ಹೇಳಬೇಕು, ಕೆಳಗಿನ ಮನೆಯವರ ಪುಣ್ಯ, ಎಂದಳು. ಅವನು ಹೂಂಗುಟ್ಟಿದ. ಖುಷಿಯಾಗಿತ್ತು ಅವನಿಗೆ, ಮೈಯೆಲ್ಲ ಹಗುರವಾಗಿತ್ತು, ಆದರೆ ಅವಳು ಎಂದಿನಂತೆ ಬಲಗಡೆಗೇ ನಡೆಯುತ್ತಿದ್ದಳು, ಇಷ್ಟೆಲ್ಲ ಆದ ಮೇಲೂ, ಮತ್ತು ಅವನ ಎಡಗಡೆ ಬರೀ ಗೋಡೆ ಇತ್ತು, ಗೋಡೆಯ ಮೇಲೆ ಅವನಿಗೆ ಯಾವ ಬಣ್ಣವೆಂದು ತಿಳಿಯದ ಬಳ್ಳಿ. ಇನ್ನು ಅಷ್ಟೇ, ಆ ದನಿ ಹೋಯಿತು ಎಂದುಕೊಂಡ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆದುಕೊಂಡೆ. ಮನೆಯ ಮೆಟ್ಟಿಲ ಹತ್ತಿರ ಬಂದಾಗ ಬಲಗಡೆಯ ಹೆಜ್ಜೆ ನಿಂತಿತು. ಅವನು ತಿರುಗಲಿಲ್ಲ. ಹೆಜ್ಜೆ ಅವನ ಬೆನ್ನ ಹಿಂದಿನಿಂದ ಸುತ್ತಿ ಬಂತು, ಅವನಿಗೂ ಗೋಡೆಗೂ ನಡುವೆ ಕಷ್ಟಪಟ್ಟು ತೂರಿಕೊಂಡಿತು. ಬಿಸಿ ಉಸಿರು ಎಡಗಿವಿಗೆ ತಾಗಿತು. ಶರ್ಲಿ ಏನೋ ಹೇಳಿದಳು, ಚಿಕ್ಕದು, ನಾಲ್ಕೇ ಮಾತು, ಕೊನೆಯದು ಗೂಬೆ.

"ಕೇಳಿಸ್ತಾ?" ಎಂದಳು.

"ಇಲ್ಲ" ಎಂದ ಇಗ್ನೇಶಿಯಸ್, ತಲೆಯನ್ನು ಇನ್ನಷ್ಟು ಬಾಗಿಸಿ. "ಆ ಕಿವಿ ಮಂದ ಅಲ್ವಾ. ಇನ್ನೊಂದು ಸಲ ಹೇಳು."